ಮೆಟಲ್ ಹ್ಯಾಲೈಡ್ ದೀಪ, ಹವಳದ ತೊಟ್ಟಿ ಮತ್ತು ನಡುವಿನ ಗಾಜು

ಮೈಸೂರಿನ ಮೇಟಗಳ್ಳಿ, ಹೂಟಗಳ್ಳಿ ಕಡೆಯ ವರ್ಕ್‌ಶಾಪುಗಳಲ್ಲಿ ದುಡಿದವರಿಗೆ ಒಂದು ಬಗೆಯ ನೋವು ಚೆನ್ನಾಗಿ ಪರಿಚಿತ. ಹಗಲಿನಲ್ಲಿ ಮುಖಕವಚವಿಲ್ಲದೆ ವೆಲ್ಡಿಂಗ್ ಬೆಳಕನ್ನು ನೋಡಿದವನು ಸಂಜೆ ಏನೂ ಆಗದವನಂತೆ ಮನೆಗೆ ಬಂದು, ಉಂಡು ಮಲಗುತ್ತಾನೆ; ನಡುರಾತ್ರಿಯಲ್ಲಿ ಕಣ್ಣಿಗೆ ಯಾರೋ ಹಿಡಿ ಮರಳು ಎರಚಿದ ಹಾಗಾಗಿ ಎದ್ದು ಕೂರುತ್ತಾನೆ. ವೆಲ್ಡಿಂಗ್ ಯಂತ್ರವನ್ನು ಒಮ್ಮೆಯೂ ಮುಟ್ಟದ ನನಗೆ ಕುವೆಂಪುನಗರದ ಮನೆಯಲ್ಲಿ ಅಂಥದೇ ಒಂದು ರಾತ್ರಿ ಒದಗಿತು. ಹವಳ ಸಾಕುವ ಉಪ್ಪುನೀರಿನ ತೊಟ್ಟಿಯ ಮೇಲೆ ತೂಗುಹಾಕಿದ್ದ 250 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪದ ಮುಂದಿನ ಹಲಗೆಗಾಜಿನ ಮೇಲೆ ಉಪ್ಪಿನ ಪುಡಿ ಕಟ್ಟಿತ್ತು. ಅದನ್ನು ಬಿಚ್ಚಿ ತೊಳೆದು, ಒಣಗಲೆಂದು ಬಚ್ಚಲಿನ ಗೋಡೆಗೆ ಒರಗಿಸಿ, ಅಲ್ಲಿಯೇ ಮರೆತು, ದೀಪ ಹಾಕಿ, ಅರ್ಧ ಗಂಟೆ ತೊಟ್ಟಿಯೊಳಗೆ ಕೈಯಾಡಿಸಿದ್ದೆ. ಮರುದಿನ ಮುಂಗೈ ಕೂಡ ಕೆಂಪಾಗಿತ್ತು.

ಈ ದೀಪಗಳ ಕಾಲ ಮುಗಿಯಿತಲ್ಲ, ಈಗ ಎಲ್ಲರೂ ಎಲ್‌ಇಡಿಗೆ ಹೋಗಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಎಲ್‌ಇಡಿಗೆ ಹೋದವರು ಬಿಟ್ಟ ಹ್ಯಾಲೈಡ್ ದೀಪಗಳೇ ಈಗ ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗವಾಗಿ ಕೈಯಿಂದ ಕೈಗೆ ಬರುತ್ತಿವೆ. ಅವುಗಳ ಜೊತೆಗೆ ಬರಬೇಕಾದ ಗಾಜು ಎಷ್ಟೋ ಸಲ ಬಂದಿರುವುದಿಲ್ಲ. ದಾರಿಯಲ್ಲಿ ಒಡೆದಿರುತ್ತದೆ, ಇಲ್ಲವೇ ಹಿಂದಿನ ಒಡೆಯ ಬೆಳಕು ಹೆಚ್ಚಲಿ ಎಂದು ತೆಗೆದಿಟ್ಟಿರುತ್ತಾನೆ. ಇನ್ನು ಕೆಲವರು ಗೋದಾಮು, ಆಟದ ಮೈದಾನಗಳಲ್ಲಿ ಬಳಸುವ ಫ್ಲಡ್‌ಲೈಟುಗಳನ್ನೇ ಬಿಚ್ಚಿ ತೊಟ್ಟಿಗೆ ಜೋಡಿಸುತ್ತಾರೆ. ಸೂರ್ಯನ ಬೆಳಕು ಅಲೆಗಳಲ್ಲಿ ಮುರಿದು ಸಮುದ್ರದ ತಳದಲ್ಲಿ ಕುಣಿಯುವಂತಹ ಆಟವನ್ನು ಈ ದೀಪದಷ್ಟು ಚೆನ್ನಾಗಿ ಬೇರೆ ಯಾವುದೂ ತೊಟ್ಟಿಗೆ ತರುವುದಿಲ್ಲವೆಂಬ ಮೋಹದಿಂದ ನಾನೂ ಅದನ್ನು ಬಿಟ್ಟಿಲ್ಲ. ಬಿಡದಿರುವವರು ಅದರ ಒಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು.

ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ನಿಂತು ಸುಮಾರು ಒಂದು ಲಕ್ಷ ಬಲ್ಬುಗಳನ್ನು ಕಣ್ತುಂಬ ನೋಡಿ ಬಂದವರಾರಿಗೂ ರಾತ್ರಿ ಕಣ್ಣು ಉರಿದದ್ದಿಲ್ಲ. ತಂತಿ ಕಾದು ಬೆಳಗುವ ಹಳೆಯ ಮಾದರಿಯ ಬಲ್ಬು ಶಾಖವನ್ನೂ ಹಳದಿ ಬೆಳಕನ್ನೂ ಧಾರಾಳವಾಗಿ ಕೊಡುತ್ತದೆ, ಕಾಣದೆಯೇ ಕಣ್ಣನ್ನು ಸುಡುವ ನೇರಳಾತೀತ (ಯುವಿ) ಕಿರಣವನ್ನು ಮಾತ್ರ ಲೆಕ್ಕಕ್ಕೆ ಬಾರದಷ್ಟು ಕೊಡುತ್ತದೆ. ಆದುದರಿಂದ ಬೆಳಕು ಎಷ್ಟು ಪ್ರಖರ ಎಂಬುದರಿಂದ ಅಪಾಯವನ್ನು ಅಳೆಯಲಾಗದು. ಬೆಳಕು ಹುಟ್ಟುವ ಬಗೆ ಯಾವುದು ಎಂದು ಕೇಳಬೇಕು. ಮೆಟಲ್ ಹ್ಯಾಲೈಡ್ ದೀಪದಲ್ಲಿ ತಂತಿಯಿಲ್ಲ. ಬೆರಳಿನ ಗಾತ್ರದ ಒಂದು ಕೊಳವೆಯೊಳಗೆ ಎರಡು ವಿದ್ಯುದ್ವಾರಗಳ ನಡುವೆ ವಿದ್ಯುತ್ ಚಾಪ ಉರಿಯುತ್ತದೆ, ಅಂದರೆ ವೆಲ್ಡಿಂಗ್ ಕಡ್ಡಿಯ ತುದಿಯಲ್ಲಿ ಆಗುವುದರ ದಾಯಾದಿಯೇ ಇಲ್ಲಿ ಗಾಜಿನೊಳಗೆ ಬಂಧಿಯಾಗಿದೆ. ಕೊಳವೆಯಲ್ಲಿ ದೀಪ ಹೊತ್ತಿಸಲು ಆರ್ಗಾನ್, ಚಾಪವನ್ನು ಆರದಂತೆ ಉಳಿಸಲು ಪಾದರಸ, ಬಣ್ಣ ಕೊಡಲು ಲೋಹಗಳ ಅಯೊಡೈಡುಗಳು ಇರುತ್ತವೆ. ಥ್ಯಾಲಿಯಮ್ ಹಸಿರನ್ನೂ, ಸೋಡಿಯಂ ಹಳದಿಯನ್ನೂ, ಇಂಡಿಯಮ್ ಹವಳ ಸಾಕುವವರಿಗೆ ಪ್ರಿಯವಾದ ನೀಲಿಯನ್ನೂ ಕೊಡುತ್ತವೆ. ಡಬ್ಬಿಯ ಮೇಲೆ ಬೆಳಕಿನ ಬಣ್ಣದ ಅಳತೆಯಾಗಿ 10000 ಕೆಲ್ವಿನ್, 20000 ಕೆಲ್ವಿನ್ ಎಂದು ಬರೆದಿರುವುದೆಲ್ಲ ಈ ಲೋಹಗಳ ಪಾಕದ ವ್ಯತ್ಯಾಸವೇ ಹೊರತು, ಆ ಸಂಖ್ಯೆ ನೇರಳಾತೀತದ ಬಗ್ಗೆ ನಮಗೆ ಏನನ್ನೂ ಹೇಳುವುದಿಲ್ಲ.

ನೇರಳಾತೀತದ ಮೂಲ ಮುಖ್ಯವಾಗಿ ಪಾದರಸ. ಬಿಸಿಯಾದ ಪಾದರಸದ ಆವಿ ಕೆಲವೇ ನಿರ್ದಿಷ್ಟ ತರಂಗಾಂತರಗಳಲ್ಲಿ ಬೆಳಗುತ್ತದೆ. ಅವುಗಳಲ್ಲಿ 405, 436, 546 ನ್ಯಾನೋಮೀಟರಿನವು ಕಣ್ಣಿಗೆ ಕಾಣುವ ನೇರಳೆ, ನೀಲಿ, ಹಸಿರು. 365, 313, 302, 297, 254 ನ್ಯಾನೋಮೀಟರಿನವು ಕಾಣದವು. 315ರಿಂದ 400ರವರೆಗಿನದನ್ನು ನೇರಳಾತೀತ ಎ ಎಂದೂ, 280ರಿಂದ 315ರವರೆಗಿನದನ್ನು ಬಿ ಎಂದೂ, ಅದಕ್ಕೂ ಕೆಳಗಿನದನ್ನು ಸಿ ಎಂದೂ ವಿಂಗಡಿಸುತ್ತಾರೆ. ಸೂರ್ಯನಿಂದ ಹೊರಟ ಸಿ ಕಿರಣಗಳನ್ನು ವಾತಾವರಣ ಮೇಲೆಯೇ ತಡೆದುಬಿಡುವುದರಿಂದ ನಮ್ಮ ಚರ್ಮಕ್ಕೂ ಕಣ್ಣಿಗೂ ಅದನ್ನು ಎದುರಿಸಿದ ಅಭ್ಯಾಸವೇ ಇಲ್ಲ. ಮನೆಯೊಳಗೆ, ಮುಖದಿಂದ ಎರಡಡಿ ದೂರದಲ್ಲಿ ಅದನ್ನು ಹುಟ್ಟಿಸುವ ಉಪಕರಣವನ್ನು ನಾವೇ ತೂಗುಹಾಕಿಕೊಂಡಿದ್ದೇವೆ.

ಹುಟ್ಟಿದ ಕಿರಣವನ್ನು ತಡೆಯುವುದು ಗಾಜಿನ ಕೆಲಸ. ಆದರೆ ಎಲ್ಲ ಗಾಜೂ ಒಂದೇ ಅಲ್ಲವೆಂಬುದು ನೋಡುವವನಿಗೆ ತಿಳಿಯುವುದಿಲ್ಲ, ಏಕೆಂದರೆ ಎಲ್ಲವೂ ಒಂದೇ ರೀತಿ ಪಾರದರ್ಶಕವಾಗಿ ಕಾಣುತ್ತವೆ. ಚಾಪ ಉರಿಯುವ ಒಳಗೊಳವೆಯ ಗೋಡೆ ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಕಾಯುತ್ತದೆ. ಆ ಬಿಸಿಗೆ ಸಾಮಾನ್ಯ ಗಾಜು ಕರಗಿ ಜೋಲುತ್ತದೆ. ಆದುದರಿಂದ ಅದನ್ನು ಶುದ್ಧ ಸಿಲಿಕದ ಕ್ವಾರ್ಟ್ಜಿನಿಂದ ಮಾಡುತ್ತಾರೆ. ಬಿಸಿಗೆ ಜಗ್ಗದ ಈ ಕ್ವಾರ್ಟ್ಜ್ ನೇರಳಾತೀತದ ಮಟ್ಟಿಗೆ ಮಾತ್ರ ತೆರೆದ ಬಾಗಿಲು, 254 ನ್ಯಾನೋಮೀಟರಿನ ಕಿರಣವೂ ಅದರ ಮೂಲಕ ಸಲೀಸಾಗಿ ಹೊರಬರುತ್ತದೆ. ಕುಡಿಯುವ ನೀರಿನ ರೋಗಾಣು ಕೊಲ್ಲುವ ಯುವಿ ಫಿಲ್ಟರುಗಳಲ್ಲಿ ಕ್ವಾರ್ಟ್ಜ್ ಕೊಳವೆಯನ್ನು ಬಳಸುವುದು ಇದೇ ಗುಣಕ್ಕಾಗಿ. ಅಲ್ಲಿ ಬೇಕಾದದ್ದು ಇಲ್ಲಿ ಬೇಡವಾದದ್ದು.

ಇಲ್ಲಿಂದ ಮುಂದೆ ದೀಪಗಳು ಎರಡು ಜಾತಿಯಾಗುತ್ತವೆ. ದೊಡ್ಡ ತಿರುಪಿನ ಬುಡವಿರುವ, ಇ40 ಎಂಬ ಹೆಸರಿನ ದೀಪದಲ್ಲಿ ಒಳಗೊಳವೆಯ ಸುತ್ತ ಗಟ್ಟಿಗಾಜಿನ ಹೊರಬುರುಡೆ ಇರುತ್ತದೆ. ಅದು ಸಿ ಕಿರಣವನ್ನೂ, ಬಿ ಕಿರಣದ ಬಹುಭಾಗವನ್ನೂ ನುಂಗಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಸಂಪರ್ಕವಿರುವ, ಹವ್ಯಾಸಿಗಳು ಎಚ್‌ಕ್ಯೂಐ ಎಂದು ಕರೆಯುವ ಸಪೂರ ದೀಪದಲ್ಲಿ ಹೊರಕೊಳವೆಯೂ ಕ್ವಾರ್ಟ್ಜಿನದೇ. ಆ ಹೆಸರಿನ ನಡುವಿನ ಕ್ಯೂ ಅಕ್ಷರ ಕ್ವಾರ್ಟ್ಜನ್ನೇ ಸೂಚಿಸುತ್ತದೆ. ಕೆಲವು ತಯಾರಕರು ನೇರಳಾತೀತವನ್ನು ಹೀರುವ ಅಂಶವನ್ನು ಕ್ವಾರ್ಟ್ಜಿಗೆ ಬೆರೆಸುತ್ತಾರಾದರೂ, ಅದರ ಭರವಸೆಯ ಮೇಲೆ ಮುಂದಿನ ಗಾಜನ್ನು ಕೈಬಿಡುವಂತಿಲ್ಲ. ಈ ಜಾತಿಯ ದೀಪವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಉರಿಸಬೇಕೆಂದು ತಯಾರಕರೇ ಹೇಳುತ್ತಾರೆ. ನನ್ನ ರಾತ್ರಿಯ ಕಥೆ ಈ ಎರಡನೆಯ ಜಾತಿಯದು.

ಹಾಗಾದರೆ ಇ40 ದೀಪ ಇರುವವರು ನಿಶ್ಚಿಂತರೇ? ಹೊರಬುರುಡೆ ಇಡಿಯಾಗಿರುವವರೆಗೆ ಬಹುಮಟ್ಟಿಗೆ ಹೌದು. ಅದು ಬಿರುಕು ಬಿಟ್ಟರೂ, ಚೂರು ಕಿತ್ತುಹೋದರೂ ಒಳಗೊಳವೆ ಉರಿಯುತ್ತಲೇ ಇರಬಲ್ಲದು, ದೀಪ ಸರಿಯಾಗಿದೆಯೆಂದೇ ನಮಗೆ ತೋರುತ್ತದೆ. ಅಮೆರಿಕದ ಶಾಲೆಗಳ ಒಳಾಂಗಣ ಕ್ರೀಡಾಂಗಣಗಳಲ್ಲಿ ಚೆಂಡು ಬಡಿದು ಹೊರಗಾಜು ಒಡೆದ ದೀಪಗಳ ಕೆಳಗೆ ಗಂಟೆಗಟ್ಟಲೆ ಕಳೆದವರಿಗೆ ಕಣ್ಣುರಿ, ಚರ್ಮದ ಸುಡುವಿಕೆ ಆದ ಘಟನೆಗಳು ದಾಖಲಾಗಿವೆ. ಅಲ್ಲಿನ ಕಾನೂನು ಅದಕ್ಕಾಗಿಯೇ ಈ ದೀಪಗಳನ್ನು ಟಿ, ಆರ್ ಎಂಬ ಎರಡು ಗುರುತುಗಳಲ್ಲಿ ವಿಂಗಡಿಸಿದೆ: ಹೊರಗಾಜು ಒಡೆದರೆ 15 ನಿಮಿಷದೊಳಗೆ ತಾನಾಗಿ ಆರಿಹೋಗಬೇಕಾದದ್ದು ಟಿ, ಆರದೆ ಉರಿಯುತ್ತಿರಬಲ್ಲದ್ದು ಆರ್. ನಮ್ಮ ತೊಟ್ಟಿಯ ಮೇಲಿರುವುದು ತಾನಾಗಿ ಆರುವ ಬಗೆಯದೆಂದು ಊಹಿಸಿಕೊಳ್ಳಬಾರದು. ಚೆಂಡು ಬಡಿಯದಿದ್ದರೂ ನಮ್ಮಲ್ಲಿ ಒಂದು ತೊಟ್ಟು ನೀರು ಸಾಕು: ನೂರಾರು ಡಿಗ್ರಿ ಬಿಸಿಯಾದ ಗಾಜಿನ ಮೇಲೆ ಪಂಪಿನಿಂದ ಚಿಮ್ಮಿದ ಉಪ್ಪುನೀರು ಬಿದ್ದರೆ ಅದು ಸೀಳುತ್ತದೆ.

ಈಗ ದೀಪದ ಮುಂದಿನ ಆ ಹಲಗೆಗಾಜಿಗೆ ಬರೋಣ. ಅದು ಯಾವುದೋ ಅಪರೂಪದ ರಾಸಾಯನಿಕ ಫಿಲ್ಟರ್ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಮನೆಯ ಕಿಟಕಿಗೆ ಹಾಕುವ ಸೋಡಾಸುಣ್ಣದ ಗಾಜೇ. ಬಸ್ಸಿನ ಕಿಟಕಿಯ ಗಾಜು ಮುಚ್ಚಿಕೊಂಡು ಮಂಡ್ಯದಿಂದ ಮೈಸೂರಿನವರೆಗೆ ಎಷ್ಟು ಬಿಸಿಲು ಕಾಯಿಸಿಕೊಂಡರೂ ಮೈಯಲ್ಲಿ ಡಿ ಜೀವಸತ್ವ ಹುಟ್ಟುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಬಿ ಕಿರಣವನ್ನು ಆ ಗಾಜು ತಡೆದಿರುತ್ತದೆ. ಅದೇ ಬಗೆಯ ಗಾಜಿನ ಹಿಂದೆ ತೂಗುಬಿಟ್ಟ ಪರದೆಯೂ, ಗಾಜಿನ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯೂ ವರ್ಷಗಳಲ್ಲಿ ಬಣ್ಣಗೆಡುತ್ತವೆ, ಏಕೆಂದರೆ ಎ ಕಿರಣ ಬಹುಪಾಲು ಅದರ ಮೂಲಕ ದಾಟಿಬರುತ್ತದೆ. ಈ ಎರಡು ಮನೆಮಾತಿನ ಉದಾಹರಣೆಗಳಲ್ಲಿ ತೊಟ್ಟಿಯ ಗಾಜು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೆಲ್ಲ ಅಡಗಿದೆ. ಕಣ್ಣು ಚರ್ಮಗಳನ್ನು ಸುಡುವ ಬಿ ಮತ್ತು ಸಿ ಕಿರಣಗಳನ್ನು ಅದು ನಿಲ್ಲಿಸುತ್ತದೆ. ಎ ಕಿರಣವನ್ನು ಪೂರ್ತಿ ನಿಲ್ಲಿಸುವುದಿಲ್ಲ.

ದೀಪದ ಗಾಜನ್ನು ಟಫನ್ಡ್ ಮಾಡಿಸಿರುತ್ತಾರಲ್ಲ, ಅದು ಕಿರಣಕ್ಕಾಗಿ ಅಲ್ಲ, ಬಿಸಿಗಾಗಿ. ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ ಗಾಳಿಯಿಂದ ತಟಕ್ಕನೆ ತಣಿಸಿದಾಗ ಅದರ ಮೇಲ್ಮೈ ಬಿಗಿದುಕೊಂಡು, ಉಷ್ಣಾಂಶದ ಏರಿಳಿತವನ್ನು ಸಾಮಾನ್ಯ ಗಾಜಿಗಿಂತ ಹಲವು ಪಟ್ಟು ಹೆಚ್ಚು ತಡೆಯುತ್ತದೆ. ಈ ವ್ಯತ್ಯಾಸ ತಿಳಿಯದವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಕಿಟಕಿಯ ಗಾಜನ್ನೇ ಕತ್ತರಿಸಿ ಕೂರಿಸುತ್ತಾರೆ. ಅದು ಕಿರಣವನ್ನು ಸರಿಯಾಗಿಯೇ ತಡೆದು, ಮೊದಲ ಹನಿ ನೀರಿಗೆ ಎರಡು ಹೋಳಾಗಿ ತೊಟ್ಟಿಗೆ ಬೀಳುತ್ತದೆ. ಇನ್ನು ಕೆಲವರು ಬಿಸಿ ತಡೆಯುತ್ತದೆಂದು ಪ್ರಯೋಗಾಲಯದ ಬೀಕರಿನಂತಹ ಬೊರೊಸಿಲಿಕೇಟ್ ಗಾಜನ್ನೋ, ಅಂದವಾಗಿ ಕಾಣುತ್ತದೆಂದು ಕಬ್ಬಿಣದಂಶ ಕಡಿಮೆಯಿರುವ ಅಚ್ಚಬಿಳಿ ಗಾಜನ್ನೋ ಹಾಕುತ್ತಾರೆ. ಇವೆರಡೂ ಸಾಮಾನ್ಯ ಗಾಜಿಗಿಂತ ಹೆಚ್ಚು ನೇರಳಾತೀತವನ್ನು ಒಳಬಿಡುತ್ತವೆ. ಅಂಚಿನಿಂದ ನೋಡಿದರೆ ಹಸಿರಾಗಿ ಕಾಣುವ ಅಗ್ಗದ ಗಾಜೇ ಇಲ್ಲಿ ಉತ್ತಮ, ಆ ಹಸಿರಿಗೆ ಕಾರಣವಾದ ಕಬ್ಬಿಣವೇ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಅಳತೆಯನ್ನು ಮೊದಲೇ ಸರಿಯಾಗಿ ಕೊಡಬೇಕು; ಟಫನ್ಡ್ ಮಾಡಿದ ಮೇಲೆ ಅದನ್ನು ಕತ್ತರಿಸಲಾಗದು, ಕತ್ತರಿಸಹೋದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಅಕ್ರಿಲಿಕ್ ಹಾಳೆ ನೇರಳಾತೀತವನ್ನು ಚೆನ್ನಾಗಿಯೇ ತಡೆದರೂ ಸುಮಾರು ನೂರು ಡಿಗ್ರಿಗೆ ಮೆತ್ತಗಾಗಿ ಬಾಗುವುದರಿಂದ ಈ ದೀಪದ ಹತ್ತಿರಕ್ಕೆ ಬರುವಂತಿಲ್ಲ.

ಬಿ ಮತ್ತು ಸಿ ಕಿರಣಗಳು ಕಣ್ಣಿಗೆ ಮಾಡುವುದೇನು? ಅವು ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿಯೇ ಹೀರಲ್ಪಡುತ್ತವೆ. 270 ನ್ಯಾನೋಮೀಟರಿನ ಸುತ್ತಮುತ್ತ ಆ ಪೊರೆ ಅತ್ಯಂತ ಸೂಕ್ಷ್ಮ. ಮೇಲಿನ ಪದರದ ಜೀವಕೋಶಗಳು ಒಡನೆಯೇ ಸಾಯುವುದಿಲ್ಲ, ಹಲವು ಗಂಟೆಗಳ ನಂತರ ಉದುರುತ್ತವೆ, ಆಗ ಕೆಳಗಿನ ನರತುದಿಗಳು ಬಯಲಾಗುತ್ತವೆ. ಹಗಲಿನ ತಪ್ಪಿಗೆ ರಾತ್ರಿ ನೋವಾಗುವುದು ಇದರಿಂದ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಯೊಳಗೆ ಉರಿ, ನೀರು ಸೋರುವಿಕೆ, ಬೆಳಕನ್ನು ಸಹಿಸಲಾಗದಿರುವುದು ಶುರುವಾಗಿ, ಒಂದೆರಡು ದಿನಗಳಲ್ಲಿ ಹೊಸ ಕೋಶಗಳು ಬೆಳೆದು ವಾಸಿಯಾಗುತ್ತದೆ. ಕಿರಣ ತಾಕುವಾಗ ನೋವಿಲ್ಲದಿರುವುದೇ ಇದರ ಕೆಟ್ಟತನ. ಬಿಸಿ ಪಾತ್ರೆ ಮುಟ್ಟಿದರೆ ಕೈ ತಾನೇ ಹಿಂದೆ ಬರುತ್ತದೆ, ಇಲ್ಲಿ ಕಣ್ಣು ಹಿಂದೆ ಸರಿಯುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಕಣ್ಣುಜ್ಜದೆ, ಕತ್ತಲ ಕೋಣೆಯಲ್ಲಿ ತಣ್ಣೀರ ಬಟ್ಟೆ ಇಟ್ಟುಕೊಂಡು, ಕಣ್ಣಿನ ವೈದ್ಯರನ್ನು ಕಾಣಬೇಕು. ವೆಲ್ಡಿಂಗ್ ಶೆಡ್ಡುಗಳಲ್ಲಿ ಕಣ್ಣಿಗೆ ಹಾಲು ಬಿಡುವ ರೂಢಿಯಿದೆ. ತೆರೆದ ಗಾಯಕ್ಕೆ ಶುಚಿಯಲ್ಲದ ದ್ರವ ಹಾಕಿದಂತಾಗುವುದರಿಂದ ಅದು ಸರಿಯಲ್ಲ. ಮರಗಟ್ಟಿಸುವ ಹನಿಮದ್ದನ್ನು ಕೇಳಿ ತಂದು ಪದೇ ಪದೇ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು, ಅದು ನೋವನ್ನು ಮರೆಸುತ್ತಾ ಗಾಯ ಮಾಯುವುದನ್ನು ತಡೆಯುತ್ತದೆ.

ಎ ಕಿರಣ ಹೀಗೆ ಕೂಗಿ ಹೇಳುವುದಿಲ್ಲ. ಅದು ಕಾರ್ನಿಯಾವನ್ನು ದಾಟಿ ಕಣ್ಣಿನ ಮಸೂರದಲ್ಲಿ ಹೀರಲ್ಪಡುತ್ತದೆ; ವರ್ಷಗಟ್ಟಲೆಯ ನೇರಳಾತೀತಕ್ಕೂ ಆ ಮಸೂರಕ್ಕೆ ಪೊರೆ (ಕ್ಯಾಟರ್ಯಾಕ್ಟ್) ಬರುವುದಕ್ಕೂ ನಂಟಿದೆ. ಆದುದರಿಂದ ಗಾಜು ಇದ್ದರೂ ದೀಪವನ್ನು ದಿಟ್ಟಿಸಿ ನೋಡಬಾರದು. ದೀಪವನ್ನು ತೊಟ್ಟಿಯ ಮೇಲೆ ಒಂದಡಿ ಎತ್ತರದಲ್ಲಿ ತೂಗುಹಾಕಿದಾಗ ನಿಂತ ದೊಡ್ಡವರಿಗೆ ಅದರ ಬೆನ್ನಷ್ಟೇ ಕಾಣುತ್ತದೆ, ಮೀನು ನೋಡಲು ಓಡಿಬರುವ ಮಗುವಿಗೆ ಮಾತ್ರ ಚಾಪವೇ ನೇರವಾಗಿ ಕಾಣುತ್ತದೆ. ಮಗುವಿನ ಎತ್ತರಕ್ಕೆ ಕುಳಿತು ನೋಡಿ, ದೀಪದ ಸುತ್ತ ಮರೆ ಕಟ್ಟುವುದು ಪ್ರತಿಯೊಂದು ಮನೆಯಲ್ಲೂ ಆಗಬೇಕಾದ ಕೆಲಸ. ದೂರವೂ ಸಹಾಯಕ್ಕೆ ಬರುತ್ತದೆ, ಒಂದಡಿಯಿಂದ ಮೂರಡಿಗೆ ಸರಿದರೆ ಕಿರಣದ ತೀವ್ರತೆ ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಮಿರುಗುವ ಅಲ್ಯೂಮಿನಿಯಂ ಪ್ರತಿಫಲಕ ನೇರಳಾತೀತವನ್ನೂ ಬೆಳಕಿನಷ್ಟೇ ಚೆನ್ನಾಗಿ ಎಸೆಯುತ್ತದೆಂಬುದನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಇಷ್ಟೆಲ್ಲ ಇದ್ದೂ ಜನ ಗಾಜನ್ನು ಬೇಕೆಂದೇ ತೆಗೆಯುವುದೇಕೆ? ಹವಳ ಸಮುದ್ರದಲ್ಲಿ ನೇರಳಾತೀತ ಪಡೆಯುತ್ತದೆ, ತೊಟ್ಟಿಯಲ್ಲೂ ಕೊಟ್ಟರೆ ಬಣ್ಣ ಏರುತ್ತದೆ ಎಂಬ ಮಾತು ಈ ಹವ್ಯಾಸದಲ್ಲಿ ಬಹಳ ಹಳೆಯದು. ಅದರಲ್ಲಿ ಅರ್ಧ ಸತ್ಯವಿದೆ. ತಿಳಿಯಾದ ಉಷ್ಣವಲಯದ ನೀರಿನಲ್ಲಿ ನೇರಳಾತೀತ ಹಲವು ಮೀಟರ್ ಆಳಕ್ಕೆ ಇಳಿಯುವುದು ನಿಜ, ಅಲ್ಲಿನ ಹವಳಗಳು ಮೈಕೋಸ್ಪೋರಿನ್ ಬಗೆಯ ಅಮೈನೋ ಆಮ್ಲಗಳನ್ನು ಅಂಗಾಂಶದಲ್ಲಿ ಕೂಡಿಟ್ಟುಕೊಂಡು ಅವನ್ನೇ ಕೊಡೆಯಾಗಿ ಹಿಡಿದಿರುವುದೂ ನಿಜ. ಆದರೆ ಕೊಡೆಯನ್ನು ಹಿಡಿದಿರುವುದು ಮಳೆ ಬೇಕೆಂದಲ್ಲ. ಹವಳದೊಳಗಿನ ಪಾಚಿ ಆಹಾರ ತಯಾರಿಸಿಕೊಳ್ಳಲು ಬಳಸುವುದು 400ರಿಂದ 700 ನ್ಯಾನೋಮೀಟರಿನ ಕಾಣುವ ಬೆಳಕನ್ನು; ಹವಳದ ಹಸಿರು ಹೊಳಪನ್ನು ಎಬ್ಬಿಸುವುದೂ ಮುಖ್ಯವಾಗಿ ನೀಲಿ ಮತ್ತು ನೇರಳೆ ಬೆಳಕೇ. ಗಾಜಿನ ಕೆಳಗೆ ತಿಂಗಳುಗಟ್ಟಲೆ ಬೆಳೆದ ಹವಳ ಆ ರಕ್ಷಕ ವಸ್ತುಗಳನ್ನು ಕಡಿಮೆ ಮಾಡಿಕೊಂಡಿರುತ್ತದೆ. ಅದರ ಮೇಲೆ ಒಂದು ದಿನ ಏಕಾಏಕಿ ತೆರೆದ ಕ್ವಾರ್ಟ್ಜಿನ ಕಿರಣ ಸುರಿದರೆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನನ್ನ ತೊಟ್ಟಿಯಲ್ಲಿ ಮೇಲ್ತಟ್ಟಿನ ಮೆದುಹವಳಗಳು ಆ ಅರ್ಧ ಗಂಟೆಗೇ ಮುದುಡಿ, ಮೂರು ದಿನ ತೆರೆಯಲಿಲ್ಲ. ಕಲ್ಲುಹವಳದ ಮಾತೆತ್ತುವವರು ಇನ್ನೊಂದನ್ನೂ ನೆನಪಿಡಬೇಕು: ನೇತ್ರಾಣಿಯದಾಗಲಿ, ಲಕ್ಷದ್ವೀಪದ್ದಾಗಲಿ, ನಮ್ಮ ಸಮುದ್ರದ ಕಲ್ಲುಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದನ್ನು ಕಿತ್ತು ತಂದು ಸಾಕುವುದು ಅಪರಾಧ.

ಬೆಳಕಿನ ಲಾಭದ ಲೆಕ್ಕವೂ ಗಾಜು ತೆಗೆಯುವವರ ಪರವಾಗಿಲ್ಲ. ಗಾಜಿನ ಪ್ರತಿ ಮೇಲ್ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಿರುಗಿಸುತ್ತದೆ, ಎರಡೂ ಕಡೆ ಸೇರಿ ನಷ್ಟ 8 ಶೇಕಡಾ. ದೀಪವನ್ನು ಒಂದೆರಡು ಅಂಗುಲ ಕೆಳಗಿಳಿಸಿದರೆ ಇದು ಮರಳಿ ಬರುತ್ತದೆ. ಉಪ್ಪು ಕಟ್ಟಿದ ಗಾಜು ಅದಕ್ಕಿಂತ ಹೆಚ್ಚು ನುಂಗುತ್ತದೆ, ಆದುದರಿಂದ ವಾರಕ್ಕೊಮ್ಮೆ ಆರಿದ ದೀಪದ ಗಾಜನ್ನು ಒರೆಸುವುದೇ ನಿಜವಾದ ಉಪಾಯ. ನೀರಿನ ಹಳದಿ ಛಾಯೆಯೂ ನೇರಳಾತೀತವನ್ನು ಬಲವಾಗಿ ಹೀರುತ್ತದೆ. ತಿಂಗಳುಗಳ ನಂತರ ಒಮ್ಮೆಲೇ ಇದ್ದಿಲು ಹಾಕಿ ನೀರನ್ನು ತಿಳಿಗೊಳಿಸಿದಾಗ ಹವಳ ಬೆಚ್ಚುವುದಕ್ಕೆ ಅದೂ ಒಂದು ಕಾರಣ.

ಕಿರಣ ಸೋರುತ್ತಿದೆಯೇ ಎಂದು ಮನೆಯಲ್ಲಿ ಪರೀಕ್ಷಿಸಲು ಕೆಲವರು ನೋಟನ್ನು ದೀಪದ ಕೆಳಗೆ ಹಿಡಿದು ಅದರ ಎಳೆ ಹೊಳೆಯುತ್ತದೆಯೇ ನೋಡುತ್ತಾರೆ. ಇದು ಮೋಸದ ಪರೀಕ್ಷೆ. ನೋಟಿನ ಎಳೆಯನ್ನೂ, ಬಿಳಿ ಅಂಗಿಯನ್ನೂ ಹೊಳೆಸುವುದು 365ರ ಎ ಕಿರಣ. ಅದು ಗಾಜಿದ್ದರೂ ಬರುತ್ತದೆ. ಸುಡುವ ಬಿ ಕಿರಣದ ಬಗ್ಗೆ ನೋಟು ಮೌನ. ಹಲ್ಲಿ, ಆಮೆ ಸಾಕುವವರು ಬಳಸುವ ಬಿ ಕಿರಣದ ಮಾಪಕವಾದರೆ ಮಾತು ಬೇರೆ. ಅದು ಸಿಗದಿದ್ದರೆ ಗಾಜಿನ ಅಂಚು, ಬಿರುಕು, ಚೌಕಟ್ಟಿನ ಸಂದುಗಳನ್ನು ಕಣ್ಣಿಂದ ಪರೀಕ್ಷಿಸುವುದೇ ಉಳಿದ ದಾರಿ, ಅದೂ ದೀಪ ಆರಿದಾಗ.

ಆರಿದಾಗ ಎಂಬ ಮಾತಿಗೆ ನಮ್ಮೂರುಗಳಲ್ಲಿ ಒಂದು ವಿಶೇಷ ಅರ್ಥವಿದೆ. ಮಳೆಗಾಲದ ಸಂಜೆ ಕರೆಂಟು ಕ್ಷಣಕಾಲ ಹೋಗಿ ಬರುತ್ತದೆ; ಪಂಪು, ಫ್ಯಾನು ಎಲ್ಲ ತಿರುಗಲಾರಂಭಿಸಿದರೂ ಹ್ಯಾಲೈಡ್ ದೀಪ ಮಾತ್ರ ಹೊತ್ತುವುದಿಲ್ಲ. ಬಿಸಿ ಕೊಳವೆಯಲ್ಲಿ ಆವಿಯ ಒತ್ತಡ ಹೆಚ್ಚಿರುವುದರಿಂದ ಚಾಪ ಮತ್ತೆ ಹುಟ್ಟಲು ಹತ್ತು ಹದಿನೈದು ನಿಮಿಷ ತಣಿಯಬೇಕು. ಬಲ್ಬು ಹೋಯಿತೆಂದು ತಿಳಿದು ಗಾಜು ಬಿಚ್ಚಿ, ಮುಖ ಹತ್ತಿರ ಒಯ್ದು ನೋಡುವವನ ಎದುರಿಗೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಸುವ ಇಗ್ನೈಟರ್ ನಾಲ್ಕೈದು ಸಾವಿರ ವೋಲ್ಟಿನ ಹೊಡೆತಗಳನ್ನು ಕೊಡುತ್ತಿರುತ್ತದೆಂಬುದು ಇನ್ನೊಂದು ಅಪಾಯ, ಅದೂ ಕೈ ಉಪ್ಪುನೀರಿನಲ್ಲಿ ಒದ್ದೆಯಾಗಿರುವಾಗ. ದೀಪ ಹೊತ್ತದಿದ್ದರೆ ಮೊದಲು ಪ್ಲಗ್ಗು ಕೀಳಬೇಕು, ಆಮೇಲೆ ಅರ್ಧ ಗಂಟೆ ಕಾಯಬೇಕು, ಆಮೇಲೆ ಬಿಚ್ಚಬೇಕು. ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಉಪ್ಪು ಬಿಸಿ ಕ್ವಾರ್ಟ್ಜನ್ನು ಮಸುಕುಗೊಳಿಸಿ ದುರ್ಬಲಗೊಳಿಸುತ್ತದೆ; ಶುಚಿಯಾದ ಬಟ್ಟೆಯಿಂದ ಹಿಡಿದು, ಸ್ಪಿರಿಟ್ಟಿನಲ್ಲಿ ಒರೆಸಿ ಕೂರಿಸಬೇಕು.

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗಿರುವುದರಿಂದ ಚೌಕಟ್ಟಿನ ಅಂಚಿಗೆ ಒಂದು ಸಣ್ಣ ಮೈಕ್ರೋಸ್ವಿಚ್ಚನ್ನು ಕೂರಿಸಿದ್ದೇನೆ. ಗಾಜು ತನ್ನ ಜಾಗದಲ್ಲಿ ಕೂತು ಅದನ್ನು ಒತ್ತಿದರೆ ಮಾತ್ರ ದೀಪಕ್ಕೆ ವಿದ್ಯುತ್ ಹರಿಯುತ್ತದೆ. ಇದನ್ನು ಮಾಡಿಸುವವರು ಗಮನಿಸಬೇಕಾದದ್ದು ಒಂದಿದೆ. ಸ್ವಿಚ್ಚು ಬ್ಯಾಲಾಸ್ಟಿಗೆ, ಅಂದರೆ ದೀಪದ ಚೋಕಿಗೆ, ಹೋಗುವ 230 ವೋಲ್ಟಿನ ಮಾರ್ಗವನ್ನು ರಿಲೇಯ ಮೂಲಕ ಕಡಿಯಬೇಕೇ ಹೊರತು ಇಗ್ನೈಟರಿನಿಂದ ದೀಪಕ್ಕೆ ಹೋಗುವ ತಂತಿಯಲ್ಲಿ ಇರಕೂಡದು, ಆ ಸಾವಿರಾರು ವೋಲ್ಟಿನ ಹೊಡೆತ ಸಣ್ಣ ಸ್ವಿಚ್ಚಿನೊಳಗೇ ಜಿಗಿಯುತ್ತದೆ. ಇದೇ ಮಾರ್ಗದಲ್ಲಿ ವಿದ್ಯುತ್ ಸೋರಿದೊಡನೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ, ದೀಪದ ಲೋಹದ ಮೈಗೆ ಅರ್ಥಿಂಗ್ ಕೊಡಿಸಿದ್ದೇನೆ. ಕಳೆದ ವಾರ ಗಾಜು ಒರೆಸಿ ತಿರುಗಿ ಕೂರಿಸುವಾಗ ಒಂದು ಮೂಲೆ ಸರಿಯಾಗಿ ಕೂರದೆ ದೀಪ ಹೊತ್ತಲೇ ಇಲ್ಲ. ಐದು ನಿಮಿಷ ಬಲ್ಬನ್ನೂ ಚೋಕನ್ನೂ ಶಂಕಿಸಿದ ಮೇಲೆ ಕಾರಣ ಹೊಳೆಯಿತು.